ಎಳೆ ಎಣಿಸಿದ ಕೈಗಳು

ಗೋಳಗುಮ್ಮಟ ಯಾರ ಸಮಾಧಿ ಎಂದು ಕೇಳಿದರೆ ನಮ್ಮ ಶಾಲೆಯ ಸಣ್ಣ ಮಕ್ಕಳೂ ಹೇಳುತ್ತಾರೆ: 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನದು. ಕಲ್ಲಿನ ಇತಿಹಾಸಕ್ಕೆ ಹೆಸರಿದೆ, ಇಸವಿಯಿದೆ. ಅದೇ ವಿಜಯಪುರ ಸೀಮೆಯ ಮನೆಗಳಲ್ಲಿ ಹೆಣ್ಣುಮಕ್ಕಳು ಸೀರೆಯ ಮೇಲೆ ಹಾಕಿದ ಗಿಳಿ, ನವಿಲು, ತಾವರೆಗಳನ್ನು ಯಾರು ಹಾಕಿದರೆಂದು ಕೇಳಿದರೆ ಉತ್ತರವಿಲ್ಲ. ಸೀರೆ ಹರಿದರೆ ಕೌದಿಯಾಗುತ್ತದೆ. ಕೌದಿಯೂ ಒಂದು ದಿನ ಸವೆಯುತ್ತದೆ.

ಆ ಕಲೆಯೇ ಕಸೂತಿ. ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆಗಳ ಕಡೆ ಬೆಳೆದದ್ದು. ಚಾಲುಕ್ಯರ ಕಾಲದ್ದೆಂದು ಹೇಳುವವರಿದ್ದಾರೆ. ಇಳಕಲ್ ಸೀರೆ, ಕುಪ್ಪಸ, ಕೂಸಿನ ಕುಂಚಿಗೆ ಇವೇ ಅದರ ತಾವು. ಮದುವೆಯ ಹೆಣ್ಣಿಗೆ ಕಸೂತಿ ಹಾಕಿದ ಕಪ್ಪು ರೇಷ್ಮೆಯ ಚಂದ್ರಕಾಳಿ ಸೀರೆ ಬೇಕೇ ಬೇಕು ಎಂಬ ಕಾಲವೊಂದಿತ್ತು. ಸೆರಗಿನ ಹತ್ತಿರ ದೊಡ್ಡ ತೇರು, ಗೋಪುರ, ಅಂಬಾರಿ ಆನೆ. ದೂರ ಹೋದಂತೆ ಸಣ್ಣ ಹೂ, ಚುಕ್ಕಿ.

ಇದಕ್ಕೆ ಪೆನ್ಸಿಲ್ಲಿನ ಗೆರೆಯಿಲ್ಲ, ಅಚ್ಚಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸುತ್ತ ಸೂಜಿ ಹಾಕಬೇಕು. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ. ಬಿಟ್ಟ ಜಾಗ ತುಂಬುವುದು ಮರಳಿ ಬರುವಾಗ. ಮುರ್ಗಿ ಮೆಟ್ಟಿಲಿನ ಹಾಗೆ ಏರಿಳಿಯುತ್ತದೆ. ಇವೆರಡರಲ್ಲೂ ಗಂಟು ಹಾಕುವಂತಿಲ್ಲ. ಒಳಗೂ ಹೊರಗೂ ಒಂದೇ ಚಿತ್ರ ಕಾಣಬೇಕು. ನೇಗಿ ನೇಯ್ದಂತೆ ಕಾಣುತ್ತದೆ. ಮೆಂತಿ ಎಂದರೆ ಮೆಂತೆಕಾಳಿನ ಹಾಗೆ ಒತ್ತೊತ್ತಾಗಿ ತುಂಬುವ ಅಡ್ಡಹೊಲಿಗೆ. ಎಳೆ ಎಣಿಸಿ ಹಾಕುವುದರಿಂದ ಬಾಗಿದ ಗೆರೆಗೆ ಜಾಗವಿಲ್ಲ. ಗಿಳಿಯ ಕೊಕ್ಕೂ ನವಿಲಿನ ಗರಿಯೂ ಮೆಟ್ಟಿಲು ಮೆಟ್ಟಿಲಾಗಿಯೇ ಮೂಡಬೇಕು. ಆದರೂ ಗಿಳಿ ಗಿಳಿಯೇ ಎಂದು ನೋಡಿದ ತಕ್ಷಣ ತಿಳಿಯುತ್ತದೆ.

ಇಂಡಿ ತಾಲೂಕಿನ ನಮ್ಮ ಲಚ್ಯಾಣ ಮಳೆ ಕಡಿಮೆಯ ಊರು. ಹೊಲದಲ್ಲಿ ಜೋಳ, ಬೇಲಿಯಲ್ಲಿ ಜಾಲಿ. ನಮ್ಮ ಆಯಿ ತಾವರೆ ತುಂಬಿದ ಕೆರೆಯನ್ನು ಕಂಡವಳಲ್ಲ, ಆನೆಯ ಕಾಡನ್ನಂತೂ ಇಲ್ಲವೇ ಇಲ್ಲ. ಗಿಳಿ, ನವಿಲು ಅವಳಿಗೆ ಹೊಲದಲ್ಲಿ ಸಿಕ್ಕವು. ತಾವರೆ ಅವಳ ಅತ್ತೆಯ ಸೂಜಿಯಿಂದ ಬಂತು. ನೀರಿಲ್ಲದ ಊರಿನ ಹೆಂಗಸರು ತಲೆತಲಾಂತರದಿಂದ ಸೆರಗಿನಲ್ಲಿ ತಾವರೆ ಅರಳಿಸಿದ್ದಾರೆ. ಕಸೂತಿ ಕಂಡದ್ದರ ಚಿತ್ರ ಮಾತ್ರವಲ್ಲ, ಬೇಕೆನಿಸಿದ್ದರ ಚಿತ್ರವೂ ಹೌದು ಎಂದು ನನಗೆ ಅನಿಸುವುದು ಇದಕ್ಕೇ.

1972ರ ಬರದಲ್ಲಿ ಆಯಿ ಕಲ್ಲು ಒಡೆಯುವ ಕೆಲಸಕ್ಕೆ ಹೋದಳು. ಅಂಗೈ ಎಷ್ಟು ಒರಟಾಯಿತೆಂದರೆ ರೇಷ್ಮೆ ಮುಟ್ಟಿದರೆ ಎಳೆ ಸಿಕ್ಕಿಕೊಂಡು ಬರುತ್ತಿತ್ತಂತೆ. ಮುಂದೆ ಅವಳು ಸೂಜಿ ಹಿಡಿಯಲಿಲ್ಲ. ಅವ್ವನನ್ನು ಎದುರಿಗೆ ಕೂಡಿಸಿಕೊಂಡು, "ನಾಕ ಎಳಿ ಎಣಸು, ಸೂಜಿ ಮ್ಯಾಲ ತಗಿ, ಇನ್ನ ನಾಕ ಬಿಡು" ಎಂದು ಬಾಯಲ್ಲೇ ಹೇಳುತ್ತ ತನ್ನ ತೇರು, ಗಿಳಿ, ತಾವರೆಗಳನ್ನೆಲ್ಲ ದಾಟಿಸಿದಳು. ಅವ್ವ ಅವನ್ನು ನನಗೆ ದಾಟಿಸಿದ್ದೂ ಹಾಗೆಯೇ, ರಾತ್ರಿ ಊಟವಾದ ಮೇಲೆ, ಕಂದೀಲಿನ ಬೆಳಕಿನಲ್ಲಿ. ಆಯಿಯ ಸೀರೆ ಇಂದು ಇಲ್ಲ. ಎಣಿಕೆ ಉಳಿದಿದೆ.

2006ರಲ್ಲಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಸಂತೋಷವೇ. ಆದರೆ ಅಂಗಡಿಗಳಲ್ಲಿ ಯಂತ್ರದಲ್ಲಿ ಹೊಲಿದದ್ದೂ, ಬರೀ ಅಚ್ಚು ಹಾಕಿದ್ದೂ ಅದೇ ಹೆಸರಿನಲ್ಲಿ ಅಗ್ಗಕ್ಕೆ ಸಿಗುತ್ತವೆ. ಕೊಳ್ಳುವ ಮೊದಲು ಸೆರಗನ್ನು ತಿರುವಿ ನೋಡಿರಿ. ಗವಂತಿ, ಮುರ್ಗಿಯ ಕೆಲಸವಾದರೆ ಹಿಂಬದಿಯೂ ಮುಂಬದಿಯಷ್ಟೇ ಚೊಕ್ಕಟವಾಗಿರುತ್ತದೆ. ತಿಂಗಳುಗಟ್ಟಲೆ ಕಣ್ಣು ಸೋಲಿಸಿ ಹಾಕಿದ್ದಕ್ಕೂ ಯಂತ್ರದ್ದಕ್ಕೂ ಒಂದೇ ಬೆಲೆ ಕಟ್ಟಿದರೆ ಯಾವ ತಾಯಿ ಮಗಳಿಗೆ ಕಲಿಸಿಯಾಳು?

ಶಾಲೆಯಲ್ಲಿ ನಾನು ಹುಡುಗಿಯರಿಗೆ ಒಂದು ಕೆಲಸ ಹಚ್ಚಿದ್ದೇನೆ. ಗಣಿತದ ಚೌಕಳಿ ವಹಿಯಲ್ಲಿ ಒಂದು ಚೌಕ ಒಂದು ಹೊಲಿಗೆ ಎಂದು ಲೆಕ್ಕ ಹಿಡಿದು, ಮನೆಯ ಹಳೆಯ ಸೀರೆ, ಕುಂಚಿಗೆಗಳ ಚಿತ್ತಾರವನ್ನು ಇಳಿಸಿಕೊಂಡು ಬರಬೇಕು. ಕೆಳಗೆ ಹಾಕಿದವಳ ಹೆಸರು, ಅವಳ ತವರೂರು, ಯಾರಿಂದ ಕಲಿತಳು ಎಂಬುದನ್ನು ಬರೆಯಬೇಕು. ನಿಮ್ಮ ಮನೆಯ ಟ್ರಂಕಿನಲ್ಲೂ ಅಂಥದೊಂದು ಸೀರೆ ಇದ್ದೀತು. ಅದನ್ನು ಹಾಕಿದವರ ಹೆಸರು ಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಡಿರಿ.