ಬೀದಿಯ ಕನ್ನಡದಿಂದ ಬಂದ ಕವಿ

ಅಲ್ ಅಜೀಜಿಯಾದಲ್ಲಿ ನಾವು ಕೆಲವು ಕುಟುಂಬದವರು ಶುಕ್ರವಾರ ಸಂಜೆ ಸೇರಿದಾಗ ಒಂದು ಮಾತು ಮತ್ತೆ ಮತ್ತೆ ಬರುವುದುಂಟು. ನಮ್ಮಲ್ಲಿ ಹಲವರ ಮನೆಮಾತು ತುಳು, ಕೊಂಕಣಿ ಇಲ್ಲವೆ ಬ್ಯಾರಿ. ಕನ್ನಡ ಶಾಲೆಯಲ್ಲಿ ಕಲಿತದ್ದು. ಹಾಗಿರುವಾಗ ಕನ್ನಡ ನಮ್ಮದೆಂದು ಹೇಳಿಕೊಳ್ಳುವ ಹಕ್ಕು ನಮಗುಂಟೆ? ಈ ಪ್ರಶ್ನೆ ಎದ್ದಾಗಲೆಲ್ಲ ನಮಗೆ ನೆನಪಾಗುವವರು ಕವಿ ಎ. ಕೆ. ರಾಮಾನುಜನ್.

ರಾಮಾನುಜನ್ 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. ಮನೆಮಾತು ತಮಿಳು. ಮಹಡಿಯ ಮೇಲೆ ಗಣಿತದ ಪ್ರಾಧ್ಯಾಪಕರಾದ ತಂದೆಯವರೊಡನೆ ಇಂಗ್ಲಿಷ್, ಕೆಳಗೆ ತಾಯಿಯವರೊಡನೆ ತಮಿಳು, ಬೀದಿಗಿಳಿದರೆ ಕನ್ನಡ. ಮುಂದೆ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿ, 1993ರಲ್ಲಿ ಆ ಊರಿನಲ್ಲೇ ತೀರಿಕೊಂಡರು. ಅವರ ಮೂರು ಕನ್ನಡ ಕವನಸಂಗ್ರಹಗಳೂ ಅವರು ಅಮೆರಿಕದಲ್ಲಿದ್ದಾಗಲೇ ಪ್ರಕಟವಾದವು.

ಅವರ ಕಾವ್ಯದ ಹೊಸತನ ಹೆಸರಿನಲ್ಲೇ ಕಾಣುತ್ತದೆ. 1969ರ ಮೊದಲ ಸಂಗ್ರಹ ‘ಹೊಕ್ಕುಳಲ್ಲಿ ಹೂವಿಲ್ಲ’. ವಿಷ್ಣುವಿನ ಹೊಕ್ಕುಳಲ್ಲಿ ತಾವರೆ ಅರಳಿ ಬ್ರಹ್ಮ ಹುಟ್ಟಿದನೆಂಬ ಕಥೆ ಎಲ್ಲರಿಗೂ ಗೊತ್ತು. ಕವಿ ಇಲ್ಲವೆನ್ನುತ್ತಲೇ ಆ ಹೂವನ್ನು ನಮ್ಮ ಕಣ್ಣಮುಂದೆ ತಂದು ನಿಲ್ಲಿಸುತ್ತಾರೆ! 1977ರದು ‘ಮತ್ತು ಇತರ ಕವಿತೆಗಳು’. ಬೇರೆ ಪುಸ್ತಕಗಳ ಹೆಸರಿನ ಬಾಲವೇ ಇಲ್ಲಿ ತಲೆಯಾಗಿದೆ. 1978ರ ಕಿರುಕಾದಂಬರಿ ‘ಮತ್ತೊಬ್ಬನ ಆತ್ಮಚರಿತ್ರೆ’. ಮತ್ತೊಬ್ಬನದಾದರೆ ಅದು ಆತ್ಮಚರಿತ್ರೆ ಹೇಗಾದೀತು? ನಗು ಬರುತ್ತದೆ, ನಗುವಿನ ಹಿಂದೆಯೇ ಯೋಚನೆಯೂ ಬರುತ್ತದೆ.

ಇಂಥ ವಿರೋಧಾಭಾಸ ಕನ್ನಡಕ್ಕೆ ಪರಕೀಯವಲ್ಲ. ಹನ್ನೆರಡನೆಯ ಶತಮಾನದ ಅಲ್ಲಮಪ್ರಭುವಿನ ಬೆಡಗಿನ ವಚನಗಳಲ್ಲಿ, ಕನಕದಾಸರ ಮುಂಡಿಗೆಗಳಲ್ಲಿ ಒಗಟೇ ಅರಿವಿನ ಬಾಗಿಲು. ಅಲ್ಲಮ, ಬಸವಣ್ಣ, ಅಕ್ಕಮಹಾದೇವಿ, ದಾಸಿಮಯ್ಯರ ವಚನಗಳನ್ನು 1973ರಲ್ಲಿ ‘ಸ್ಪೀಕಿಂಗ್ ಆಫ್ ಶಿವ’ ಎಂಬ ಗ್ರಂಥದ ಮೂಲಕ ಇಂಗ್ಲಿಷ್ ಓದುಗರಿಗೆ ಮುಟ್ಟಿಸಿದವರೂ ರಾಮಾನುಜನ್ನರೇ. ಒಗಟಿನ ಭಾಷೆಯ ಹಳೆಯ ಒಡನಾಟ ಅವರಿಗಿತ್ತು. ಆದರೆ ಅವರ ಕವಿತೆಯ ಮಾತು ಮಾತ್ರ ದಿನಬಳಕೆಯದು, ನಿಘಂಟು ಬೇಡ.

ಮನೆಮಾತು ಬೇರೆಯಾಗಿ ಕನ್ನಡಕ್ಕೆ ದುಡಿದವರು ಇವರೊಬ್ಬರೇ ಅಲ್ಲ. ಮಾಸ್ತಿಯವರ ಮನೆಯದು ತಮಿಳು, ಬೇಂದ್ರೆಯವರದು ಮರಾಠಿ. ಇವರನ್ನು ಬಿಟ್ಟು ಕನ್ನಡವನ್ನು ಎಣಿಸಲು ಸಾಧ್ಯವೆ?

ಆದ್ದರಿಂದ ಹಕ್ಕಿನ ಪ್ರಶ್ನೆಯನ್ನು ನಾವು ಬದಿಗಿಡೋಣ. ಬೀದಿಯ ಕನ್ನಡ ರಾಮಾನುಜನ್ನರಿಗೆ ತಾನಾಗಿ ಸಿಕ್ಕಿತು. ನಮ್ಮ ಮಕ್ಕಳಿಗೆ ಇಲ್ಲಿ ಆ ಬೀದಿ ಇಲ್ಲ. ನಾವು ಸೇರುವ ಪಡಸಾಲೆಯೇ ಅವರ ಬೀದಿಯಾಗಬೇಕು. ಮುಂದಿನ ಸಲ ಸೇರುವಾಗ ಪ್ರತಿ ಮನೆಯವರೂ ಅವರದೊಂದು ಕವಿತೆಯನ್ನು ಓದಿಕೊಂಡು ಬರೋಣ. ಅರ್ಥವನ್ನು ನಾವು ಹೇಳುವುದು ಬೇಡ, ಮಕ್ಕಳೇ ಬಿಡಿಸಲಿ.