ಇಟ್ಟಿಗೆಯ ಗಾಳಿಗಿರಣಿ ಮತ್ತು ಒಂದು ಪ್ರಮೇಯ

ವಿದ್ಯಾರ್ಥಿಗಳೇ, ಪದವಿ ತರಗತಿಯ ಗಣಿತದಲ್ಲಿ 'ಗ್ರೀನ್ ಪ್ರಮೇಯ' ಎಂಬ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. ಅದರ ಕರ್ತೃ ಜಾರ್ಜ್ ಗ್ರೀನ್ ಹಿಟ್ಟು ಬೀಸಿ ಜೀವನ ಸಾಗಿಸುತ್ತಿದ್ದವನು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದ ಸ್ನೆಂಟನ್ ಎಂಬಲ್ಲಿ, ದಿಬ್ಬದ ಮೇಲೆ, ಅವನ ಗಾಳಿಗಿರಣಿ ಇಂದಿಗೂ ನಿಂತಿದೆ.

ಇದನ್ನು 1807ರಲ್ಲಿ ಕಟ್ಟಿಸಿದವನು ಗ್ರೀನನ ತಂದೆ. ಅವನದು ಬ್ರೆಡ್ ಸುಡುವ ವೃತ್ತಿ. ಅದಕ್ಕೂ ಮೊದಲು ಆ ಜಾಗದಲ್ಲಿ ಮರದ ಗಿರಣಿಯೊಂದಿತ್ತು. ಹಳೆಯ ಮರದ ಗಿರಣಿಗಳು ಒಂದೇ ಕಂಬದ ಮೇಲೆ ಕುಳಿತಿರುತ್ತಿದ್ದವು. ಗಾಳಿ ದಿಕ್ಕು ಬದಲಿಸಿದರೆ ಇಡೀ ಗಿರಣಿಯನ್ನೇ ತಿರುಗಿಸಬೇಕಾಗಿತ್ತು. ಇಟ್ಟಿಗೆಯ ಗೋಪುರದಲ್ಲಿ ಈ ಕಷ್ಟವಿಲ್ಲ. ಗೋಪುರ ಸ್ಥಿರ, ಅದರ ತಲೆಯ ಮೇಲಿನ ಟೋಪಿಯಂಥ ಭಾಗ ಮಾತ್ರ ತಿರುಗುತ್ತದೆ. ಟೋಪಿಗೆ ಜೋಡಿಸಿದ ನಾಲ್ಕು ಪಟಗಳು ಗಾಳಿಗೆ ಮುಖ ಮಾಡುತ್ತವೆ. ಬುಡ ಅಗಲ, ಮೇಲೆ ಹೋದಂತೆ ಕಿರಿದು. ಆದ್ದರಿಂದ ಬೀಸುವ ಕಲ್ಲುಗಳ ಭಾರವನ್ನೂ ಯಂತ್ರದ ಅದುರನ್ನೂ ಗೋಡೆ ತಾಳಬಲ್ಲದು.

ಒಳಗಿನ ಏರ್ಪಾಡು ಸರಳ. ಪಟಗಳು ತಿರುಗಿದಾಗ ಹಲ್ಲುಚಕ್ರಗಳು ಆ ಚಲನೆಯನ್ನು ಕೆಳಗಿನ ಕಲ್ಲುಗಳಿಗೆ ಒಯ್ಯುತ್ತವೆ. ನಮ್ಮ ರಾಗಿಕಲ್ಲಿನಂತೆಯೇ ಕೆಳಗಲ್ಲು ಸುಮ್ಮನಿರುತ್ತದೆ, ಮೇಲ್ಗಲ್ಲು ಸುತ್ತುತ್ತದೆ. ಗೋಧಿಯ ಮೂಟೆಯನ್ನು ಮೇಲಂತಸ್ತಿಗೆ ಎಳೆದುಕೊಂಡರೆ ಸಾಕು; ಕಾಳು ತನ್ನ ಭಾರದಿಂದಲೇ ಇಳಿದು, ಹಿಟ್ಟಾಗಿ ಕೆಳಗಿನ ಚೀಲಕ್ಕೆ ಬೀಳುತ್ತದೆ.

1793ರಲ್ಲಿ ಹುಟ್ಟಿದ ಗ್ರೀನ್ ಶಾಲೆಗೆ ಹೋದದ್ದು ಸುಮಾರು ಒಂದು ವರ್ಷ ಮಾತ್ರ. ಗಿರಣಿಯ ಕೆಲಸದ ನಡುವೆ ತಾನೇ ಓದಿ, 1828ರಲ್ಲಿ ವಿದ್ಯುತ್ತು ಮತ್ತು ಕಾಂತತೆಗೆ ಗಣಿತವನ್ನು ಅನ್ವಯಿಸುವ ಪ್ರಬಂಧವೊಂದನ್ನು ಅಚ್ಚುಹಾಕಿಸಿದ. ಚಂದಾ ಕೊಟ್ಟವರು 51 ಮಂದಿ. ಅದನ್ನು ಅರ್ಥಮಾಡಿಕೊಂಡವರು ವಿರಳ. 40ನೆಯ ವಯಸ್ಸಿನಲ್ಲಿ ಅವನು ಕೇಂಬ್ರಿಡ್ಜ್ ಸೇರಿದ, 1841ರಲ್ಲಿ ತೀರಿಕೊಂಡ. 1845ರಲ್ಲಿ, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್‌ಗೆ ಆ ಪ್ರಬಂಧದ ಪ್ರತಿ ದೊರೆಯಿತು. ಅವನು ಅದನ್ನು ಮರುಪ್ರಕಟಿಸಿದ ಮೇಲೆಯೇ ವಿಜ್ಞಾನ ಪ್ರಪಂಚ ಗ್ರೀನನನ್ನು ಅರಿತದ್ದು.

ಪ್ರಬಂಧ ಬೆಳಕಿಗೆ ಬರುವಷ್ಟರಲ್ಲಿ ಗಿರಣಿಗೆ ಕತ್ತಲೆ ಕವಿಯಿತು. 1860ರ ದಶಕದಲ್ಲಿ ಅದರ ಕೆಲಸ ನಿಂತಿತು. 1947ರಲ್ಲಿ ಬೆಂಕಿ ಬಿದ್ದು ಒಳಗಿನ ಮರವೆಲ್ಲ ಸುಟ್ಟುಹೋಯಿತು. ಉಳಿದದ್ದು ಇಟ್ಟಿಗೆಯ ಬರಿಯ ಕೊಳವೆ. ಅದನ್ನು ಕೆಡವಿ ಜಾಗ ತೆರವು ಮಾಡುವುದು ಸುಲಭವಾಗಿತ್ತು. ಆದರೆ ಗ್ರೀನನ ಗಣಿತವನ್ನು ಬಲ್ಲವರು ಹಣ ಕೂಡಿಸಿದರು. ನಗರಸಭೆ ಜೀರ್ಣೋದ್ಧಾರ ಕೈಗೊಂಡಿತು. 1986ರ ಡಿಸೆಂಬರಿನಲ್ಲಿ ಗಿರಣಿ ಮತ್ತೆ ಹಿಟ್ಟು ಬೀಸಿತು.

ಗ್ರೀನನ ಭಾವಚಿತ್ರ ಒಂದೂ ಉಳಿದುಬಂದಿಲ್ಲ. ಅವನು ಹೇಗೆ ಬದುಕಿದ, ಎಂಥ ಕೆಲಸದ ನಡುವೆ ಚಿಂತಿಸಿದ ಎಂಬುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಈ ಗೋಪುರವೇ. ಕೆಲಸ ನಿಂತ ಹಳೆಯ ಕಟ್ಟಡವೊಂದು ನಿಮ್ಮ ದಾರಿಯಲ್ಲಿ ಸಿಕ್ಕರೆ, ಅಲ್ಲಿ ಯಾರು ದುಡಿದರು, ಏನು ಮಾಡಿದರು ಎಂದು ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಗೋಡೆ ಬಿದ್ದ ಮೇಲೆ ಆ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ.