‘ಊಟ ಆಯ್ತಾ?’ ಎಂದು ಕೇಳುವ ಬಟ್ಟಲು



ನಾಗಸಾಕಿ ಎಂದೊಡನೆ ನಮಗೆ ನೆನಪಾಗುವುದು 1945ರ ಆಗಸ್ಟ್ 9 ಮತ್ತು ಅಣುಬಾಂಬು. ಶಾಲೆಯಲ್ಲಿ ಆ ಊರಿನ ಬಗ್ಗೆ ನಾವು ಓದಿದ್ದು ಅಷ್ಟೇ. ಜಪಾನೀಯರಿಗೆ ಮಾತ್ರ ಅದೇ ಹೆಸರಿನೊಂದಿಗೆ ಇನ್ನೊಂದು ಮಾತೂ ನಾಲಿಗೆಗೆ ಬರುತ್ತದೆ: ಚಾಂಪೋನ್. ಸಿಗಡಿ, ಬೊಂಡಾಸ, ಸಿಂಪಿ, ಎಲೆಕೋಸು, ದಪ್ಪ ನೂಡಲ್ಸ್ ಎಲ್ಲವೂ ಒಂದೇ ಬಾಣಲೆಯಲ್ಲಿ ಬೆಂದು, ಬೆಳ್ಳನೆಯ ಸಾರಿನೊಂದಿಗೆ ದೊಡ್ಡ ಬಟ್ಟಲಿನಲ್ಲಿ ಬರುವ ಊಟ ಅದು. ಅದನ್ನು ಹುಟ್ಟುಹಾಕಿದವರು ಊರು ಬಿಟ್ಟು ಬಂದವರು. ಮುಂಬಯಿ, ಪುಣೆ, ಚೆನ್ನೈ, ದೆಹಲಿಗಳಲ್ಲಿ ಕೂತು ಕನ್ನಡ ಕೇಳುವ ನಿಮ್ಮೊಂದಿಗೆ ಈ ಕಥೆ ಹಂಚಿಕೊಳ್ಳಬೇಕೆನಿಸಿದ್ದು ಅದಕ್ಕೇ.

ಜಪಾನ್ ಹೊರಜಗತ್ತಿಗೆ ಬಾಗಿಲು ಮುಚ್ಚಿಕೊಂಡಿದ್ದ ಕಾಲದಲ್ಲಿ ನಾಗಸಾಕಿ ಒಂದು ಕಿಟಕಿಯಾಗಿತ್ತು. 1641ರಿಂದ ಡಚ್ಚರನ್ನು ದೆಜಿಮಾ ಎಂಬ ಪುಟ್ಟ ಕೃತಕ ದ್ವೀಪದಲ್ಲಿ ಇರಿಸಿದ್ದರು. ಚೀನೀ ವರ್ತಕರಿಗೂ 1689ರಲ್ಲಿ ಗೋಡೆ ಕಟ್ಟಿದ ಒಂದು ಕೇರಿ ಸಿಕ್ಕಿತು. ಬಂದ ಹಡಗಿನವರು ಆ ಗೋಡೆಯ ಒಳಗೇ ಇರಬೇಕು, ಅಪ್ಪಣೆಯಿಲ್ಲದೆ ಹೊರಗೆ ಕಾಲಿಡುವಂತಿಲ್ಲ. 1859ರಲ್ಲಿ ಬಂದರು ತೆರೆಯಿತು, ನಿರ್ಬಂಧಗಳು ಒಂದೊಂದಾಗಿ ಸಡಿಲವಾದವು. ಚೀನಾದ ಫೂಜಿಯಾನ್ ಪ್ರಾಂತದ ಕರಾವಳಿಯಿಂದ ಕೆಲಸ ಅರಸಿ, ಓದು ಅರಸಿ ಜನ ಬರತೊಡಗಿದರು.

ಹೀಗೆ 1892ರಲ್ಲಿ ಬಂದವನು ಚೆನ್ ಪಿಂಗ್‌ಶುನ್. ಆಗ ಅವನಿಗೆ ಸುಮಾರು 19 ವರ್ಷ. ಮೊದಲು ಸಣ್ಣ ವ್ಯಾಪಾರ ಮಾಡಿದ, ಕಾಸು ಕೂಡಿಸಿದ. 1899ರಲ್ಲಿ ‘ಶಿಕಾಯ್‌ರೋ’ ಎಂಬ ಊಟದ ಮನೆಯನ್ನು ತೆರೆದ. ಊಟದ ಜೊತೆಗೆ ಅಲ್ಲಿ ವಸತಿಯೂ ಇತ್ತು. ಓದಲು ಬಂದ ಚೀನೀ ಹುಡುಗರ ಕೈಯಲ್ಲಿ ಹಣವಿರಲಿಲ್ಲ. ಅವರ ಊಟ ಸೊರಗುತ್ತಿರುವುದನ್ನು ಕಂಡ ಚೆನ್, ಕಡಿಮೆ ಬೆಲೆಗೆ ಹೊಟ್ಟೆ ತುಂಬುವ, ಮೈಗೂ ಹತ್ತುವ ಒಂದು ಅಡುಗೆ ಮಾಡಬೇಕೆಂದು ಹೊರಟ ಎನ್ನುತ್ತದೆ ಶಿಕಾಯ್‌ರೋದ ಕಥೆ.

ಅವನ ತಲೆಯಲ್ಲಿ ಇದ್ದದ್ದು ಫೂಜಿಯಾನಿನ ಹಂದಿಮಾಂಸದ ನೂಡಲ್ಸ್ ಸಾರು. ಕೈಗೆ ಸಿಕ್ಕಿದ್ದು ನಾಗಸಾಕಿಯ ಸಮುದ್ರ. ಸಣ್ಣ ಸಿಂಪಿ, ಬೊಂಡಾಸ, ಪುಟ್ಟ ಸಿಗಡಿ, ಮೀನಿನ ಹಿಟ್ಟು ಬೇಯಿಸಿ ಮಾಡಿದ ಕಾಮಾಬೊಕೊ, ಎಲೆಕೋಸು, ಮೊಳಕೆಕಾಳು... ಪೇಟೆಯಲ್ಲಿ ಸುಲಭವಾಗಿ ಸಿಕ್ಕಿದ್ದೆಲ್ಲ ಬಾಣಲೆಗೆ ಬಿತ್ತು. ಮೂಳೆ ಕುದಿಸಿದ ಸಾರು ಅದರ ಮೇಲೆ. ಹೀಗೆ ತಯಾರಾದದ್ದು ಫೂಜಿಯಾನಿನಲ್ಲಿ ಇರಲಿಲ್ಲ, ಜಪಾನಿನಲ್ಲೂ ಇರಲಿಲ್ಲ!

ಹೆಸರಿನ ಕಥೆ ಇನ್ನೂ ಸ್ವಾರಸ್ಯ. ಮೊದಲು ಅದನ್ನು ‘ಶಿನಾ ಉದೋನ್’ ಎನ್ನುತ್ತಿದ್ದರು, ಅಂದರೆ ಚೀನದ ನೂಡಲ್ಸ್. ಪರಕೀಯರ ತಿಂಡಿ ಎಂಬ ಚೀಟಿ ಅಂಟಿಸಿದ ಹೆಸರು. ಆಮೇಲೆ ‘ಚಾಂಪೋನ್’ ಎಂಬ ಹೆಸರು ನಿಂತಿತು. ಇದು ಎಲ್ಲಿಂದ ಬಂತು ಎಂಬುದಕ್ಕೆ ಒಂದಕ್ಕಿಂತ ಹೆಚ್ಚು ವಿವರಣೆಗಳಿವೆ. ಕಲಸುಮೇಲೋಗರ ಎಂಬ ಅರ್ಥದಲ್ಲಿ ಜಪಾನಿಯಲ್ಲಿ ಮೊದಲೇ ಇದ್ದ ಪದ ಎನ್ನುವವರಿದ್ದಾರೆ. ಇನ್ನೊಂದು ವಿವರಣೆಯ ಪ್ರಕಾರ ಅದು ಫೂಜಿಯಾನಿನ ಜನ ಎದುರಾದಾಗ ಆಡುತ್ತಿದ್ದ ಕುಶಲದ ಮಾತು. ಅದರ ಅರ್ಥವೇನು ಗೊತ್ತೇ? ‘ಊಟ ಆಯ್ತಾ?’ ನಮ್ಮೂರ ಕಟ್ಟೆಯ ಮೇಲೆ ದಿನಕ್ಕೆ ಹತ್ತು ಸಲ ಕೇಳಿಬರುವ ಅದೇ ಪ್ರಶ್ನೆ!

ಕ್ರಮೇಣ ಊರಿನ ಬೇರೆ ಊಟದ ಮನೆಗಳೂ ಇದನ್ನು ಮಾಡತೊಡಗಿದವು. ಚೆನ್ 1939ರಲ್ಲಿ ತೀರಿಕೊಂಡ. ಇಂದು ಆ ಅಡುಗೆಗೆ ‘ನಾಗಸಾಕಿ ಚಾಂಪೋನ್’ ಎಂದೇ ಹೆಸರು. ಹಿಂದೊಮ್ಮೆ ಚೀನೀಯರನ್ನು ಗೋಡೆಯೊಳಗೆ ಇಟ್ಟ ಊರು, ಅವರ ಬಟ್ಟಲಿಗೆ ತನ್ನ ಹೆಸರನ್ನೇ ಕೊಟ್ಟಿತು. ಆ ಹೆಸರು ಕೊರಿಯಾಕ್ಕೂ ಹೋಗಿ ‘ಜಾಂಪೋಂಗ್’ ಆಯಿತು. ಅಲ್ಲಿ ಬೆಳ್ಳನೆಯ ಸಾರು ಮೆಣಸಿನಪುಡಿ ಸೇರಿ ಕೆಂಪೇರಿದೆ.

ಮನೆಯಲ್ಲಿ ಮಾಡಬೇಕೆ? ಗುಟ್ಟು ಒಂದೇ: ನೂಡಲ್ಸನ್ನು ಕೊನೆಯ ಬೇಯುವಿಕೆಗೆ ಸಾರಿಗೇ ಹಾಕಬೇಕು, ಆಗಲೇ ಅದು ರುಚಿ ಹೀರುವುದು. ನಾಗಸಾಕಿಯಲ್ಲಿ ನೂಡಲ್ಸಿನ ಹಿಟ್ಟಿಗೆ ‘ತೋಆಕು’ ಎಂಬ ಕ್ಷಾರ ಬೆರೆಸುತ್ತಾರೆ. ನಾವು ಹಪ್ಪಳದ ಹಿಟ್ಟಿಗೆ ಖಾರ ಹಾಕುವುದಿಲ್ಲವೇ, ಹಾಗೆ. ನಿಮಗೆ ಅಂಗಡಿಯ ದಪ್ಪ ಗೋಧಿ ನೂಡಲ್ಸ್ ಸಾಕು.

ನಾಲ್ವರಿಗೆ ಅರ್ಧ ಕಿಲೋ ಚಿಪ್ಪು ತನ್ನಿ. ಮಂಗಳೂರಿನವರು ಮರುವಾಯಿ, ಕಾರವಾರದವರು ತಿಸ್ರೆ ಎನ್ನುವುದು ಇದನ್ನೇ. ಒಂದು ಲೀಟರ್ ನೀರಿಗೆ 30 ಗ್ರಾಂ ಉಪ್ಪು ಕರಗಿಸಿ, ಕತ್ತಲಲ್ಲಿ ಒಂದೆರಡು ಗಂಟೆ ನೆನೆಯಲು ಬಿಡಿ, ಮರಳು ಉಗುಳುತ್ತವೆ. ಒಡೆದವನ್ನೂ, ಬಾಯಿ ತೆರೆದಿದ್ದು ತಟ್ಟಿದರೂ ಮುಚ್ಚಿಕೊಳ್ಳದವನ್ನೂ ಎಸೆಯಿರಿ. ತೊಳೆದು, ಒಂದು ಲೋಟ ನೀರಿನಲ್ಲಿ ಮುಚ್ಚಳ ಹಾಕಿ ಬೇಯಿಸಿ. ಬಾಯಿ ಬಿಟ್ಟೊಡನೆ ಇಳಿಸಿ, ಬಿಡದವನ್ನು ತಿನ್ನಬೇಡಿ. ಆ ನೀರನ್ನು ಮಾತ್ರ ಚೆಲ್ಲಬೇಡಿ, ಸಮುದ್ರದ ರುಚಿಯೆಲ್ಲ ಅಲ್ಲೇ ಇದೆ! ಬಟ್ಟೆಯಲ್ಲಿ ಸೋಸಿ, ಒಂದು ಲೀಟರ್ ಕೋಳಿಮೂಳೆಯ ಸಾರಿಗೆ ಸೇರಿಸಿ.

ನೂಡಲ್ಸನ್ನು ಅರೆಬೇಯಿಸಿ ಬಸಿದಿಡಿ. ದೊಡ್ಡ ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಶುಂಠಿ, ಬೆಳ್ಳುಳ್ಳಿ, ಕಾಲು ಕಿಲೋ ಸಿಗಡಿ, ಹೆಚ್ಚಿದ ಎಲೆಕೋಸು, ಒಂದು ಹಿಡಿ ಮೊಳಕೆ ಹೆಸರುಕಾಳನ್ನು ಜೋರು ಉರಿಯಲ್ಲಿ ಬಾಡಿಸಿ. ಸಾರು ಸುರಿದು ಕುದಿ ಬಂದ ಮೇಲೆ ನೂಡಲ್ಸ್ ಹಾಕಿ, ಎರಡು ಮೂರು ನಿಮಿಷ ಬೇಯಲಿ. ಕೊನೆಗೆ ಚಿಪ್ಪು, ಕಾಳುಮೆಣಸಿನ ಪುಡಿ. ಉಪ್ಪು ಹಾಕುವ ಮೊದಲು ರುಚಿ ನೋಡಿ, ಚಿಪ್ಪಿನ ನೀರಿನಲ್ಲೇ ಸಾಕಷ್ಟು ಇರುತ್ತದೆ. ಸಮುದ್ರ ದೂರವಿರುವ ದೆಹಲಿ, ಹೈದರಾಬಾದಿನವರು ಬರೀ ಸಿಗಡಿಯಲ್ಲೂ ಮಾಡಬಹುದು. ಸಿಕ್ಕಿದ್ದರಲ್ಲಿ ಮಾಡುವುದೇ ಅದರ ಹುಟ್ಟುಗುಣವಲ್ಲವೇ?

ಮುಂಬಯಿಯ ಮಾಟುಂಗಾದಲ್ಲಿ 1942ರಲ್ಲಿ ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದು ನಿಮ್ಮಲ್ಲಿ ಅನೇಕರಿಗೆ ಗೊತ್ತು. ಮನೆ ಬಿಟ್ಟು ಬಂದವರ ಹಸಿವಿಗಾಗಿ ಹಚ್ಚಿದ ಒಲೆ ಬರಬರುತ್ತಾ ಇಡೀ ಊರಿನ ಒಲೆಯಾಗುತ್ತದೆ. ‘ಇದು ನಮ್ಮೂರಿನ ರುಚಿಯಲ್ಲ’ ಎಂದು ಮಕ್ಕಳ ಮುಂದೆ ಕೊರಗುವ ಬದಲು, ಈ ಊರಿನ ಸಂತೆಯಲ್ಲಿ ಸಿಕ್ಕಿದ್ದನ್ನು ನಮ್ಮ ಅಡುಗೆಗೆ ಸೇರಿಸಿ ಬಡಿಸಬಹುದಲ್ಲ? ನಾಳೆ ಅವರಿಗೆ ಅದೇ ತವರಿನ ರುಚಿ.

ಹೊರನಾಡಿನಲ್ಲಿ ನಿಮ್ಮ ಅಡುಗೆಮನೆಯಲ್ಲಿ ಹಾಗೆ ಹುಟ್ಟಿದ ತಿನಿಸು ಯಾವುದು? ಒಂದು ಕಾರ್ಡಿನಲ್ಲಿ ಬರೆದು ತಿಳಿಸಿ. ಮತ್ತೆ ಸಿಗೋಣ. ಅಂದಹಾಗೆ, ಊಟ ಆಯ್ತಾ?